ಸೊಂಟದೊಳಗೊಂದು ಕೂದಲೆಳೆ

ಮದುವೆಮನೆಗೆ ಹೋದರೆ ನಾನು ಮೊದಲು ಹುಡುಕುವುದು ಕಂಬವನ್ನು. ವಧೂವರರು ಎಲ್ಲಿದ್ದಾರೆ, ಊಟದ ಮನೆ ಯಾವ ಕಡೆ ಎಂಬುದೆಲ್ಲ ಆಮೇಲಿನ ಮಾತು. ಒರಗಲು ಒಂದು ಕಂಬ ಸಿಕ್ಕಿತೆಂದರೆ ಧಾರೆ ಮುಗಿಯುವವರೆಗೂ ನಾನು ಅಲ್ಲಿಂದ ಕದಲುವವನಲ್ಲ. ಆದರೆ ಬಿಳಿ ತಲೆಯವನೊಬ್ಬ ನಿಂತಿರುವುದನ್ನು ಕಂಡು ಸುಮ್ಮನಿರಲು ನಮ್ಮ ಜನಕ್ಕೆ ಆಗುವುದಿಲ್ಲ. ಯಾರಾದರೂ ಓಡಿಬಂದು ಮೆತ್ತನೆಯ ಕುರ್ಚಿ ಇಡುತ್ತಾರೆ. ಬೇಡವೆಂದರೆ ಮುನಿಸಿಕೊಂಡಿದ್ದೇನೆಂದು ತಿಳಿದು ಹೆಣ್ಣಿನ ಅಪ್ಪನನ್ನೇ ಕರೆತರುತ್ತಾರೆ. ಅವನು ಪಾಪ, ಕೈಮುಗಿದು ನಿಲ್ಲುತ್ತಾನೆ. ಅವನ ಮುಖ ನೋಡಿ ನಾನು ಕೂರುತ್ತೇನೆ.

ಕೂರುವುದೇನೋ ಸುಲಭ, ಕಷ್ಟವಿರುವುದು ಏಳುವುದರಲ್ಲಿ. ಮೊದಲು ಒಂದು ಪಕ್ಕಕ್ಕೆ ವಾಲಬೇಕು, ಆಮೇಲೆ ಮೊಣಕಾಲಿನ ಮೇಲೆ ಕೈಯೂರಬೇಕು, ಒಂದಷ್ಟು ಹೊತ್ತು ಅರ್ಧ ಬಗ್ಗಿಯೇ ನಿಲ್ಲಬೇಕು, ಆನಂತರ ನಿಧಾನವಾಗಿ ನೆಟ್ಟಗಾಗಬೇಕು. ಒಂದು ಮದುವೆಯಲ್ಲಿ ಹೀಗೆ ನಾನು ಅರ್ಧಕ್ಕೆ ನಿಂತಿದ್ದಾಗ, ಈ ಮುದುಕರು ತನ್ನ ಕಾಲಿಗೇ ಬೀಳುತ್ತಿದ್ದಾರೆಂದು ಹೆದರಿ ಮದುಮಗ ಮಣೆಯಿಂದ ಎದ್ದುಬಿಟ್ಟಿದ್ದ. ಪುರೋಹಿತರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

"ವಯಸ್ಸಾಯ್ತಲ್ಲ" ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಮೀಸೆ ಮೂಡುವ ಮೊದಲಿನಿಂದಲೂ ನಾನು ಹೀಗೆಯೇ ಏಳುತ್ತಿದ್ದೇನೆ ಎಂದು ಹಿಂದೆಲ್ಲ ವಿವರಿಸುತ್ತಿದ್ದೆ. ಹೇಳಿ ಹೇಳಿ ಸಾಕಾಗಿ ಈಗ ಹೂಂ ಎಂದುಬಿಡುತ್ತೇನೆ.

ಹೋದ ತಿಂಗಳು ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತ ಪೇಪರು ತಿರುವಿಹಾಕುತ್ತಿದ್ದೆ. ಆಟದ ಪುಟದಲ್ಲಿ ಒಬ್ಬ ಎಳೆಯ ಬೌಲರನ ಸುದ್ದಿಯಿತ್ತು. ಬೆನ್ನೆಲುಬಿನ ಕೆಳಭಾಗದಲ್ಲಿ 'ಸ್ಟ್ರೆಸ್ ಫ್ರ್ಯಾಕ್ಚರ್' ಆಗಿ ಆಟ ನಿಲ್ಲಿಸಿದ್ದಾನಂತೆ. ಬೆಳೆಯುವ ವಯಸ್ಸಿನ ಆಟಗಾರರಲ್ಲಿ ಇದು ಅಪರೂಪವೇನಲ್ಲ ಎಂದೂ ಬರೆದಿತ್ತು. ಅಪರೂಪವೇನಲ್ಲ ಎಂಬ ಆ ಮಾತನ್ನು ಮತ್ತೆ ಓದಿದೆ. ಕ್ಷೌರದವನು "ಬನ್ನಿ ಸಾ" ಎಂದು ಕರೆದದ್ದೂ ಕೇಳಿಸಲಿಲ್ಲ. ನಮ್ಮ ಕಾಲದಲ್ಲಿ ಇದಕ್ಕೆ ಬೇರೆ ಹೆಸರುಗಳಿದ್ದವು. ನನ್ನಜ್ಜಿ ವಾಯು ಅಂದಳು, ಅವ್ವ ದೃಷ್ಟಿ ಅಂದಳು, ಡ್ರಿಲ್ ಮೇಷ್ಟ್ರು ಸೋಮಾರಿತನ ಅಂದರು.

ಆಗ ದೂರದಲ್ಲಿ ದೊಡ್ಡ ಯುದ್ಧ ನಡೆಯುತ್ತಿತ್ತು. ಹೊಳೆನರಸೀಪುರದ ನಮಗೆ ಯುದ್ಧ ಗೊತ್ತಾದದ್ದು ಸೀಮೆಎಣ್ಣೆಯ ಸಾಲಿನಲ್ಲಿ, ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ, ಮತ್ತೆ ಕ್ರಿಕೆಟ್ ಚೆಂಡಿನಲ್ಲಿ. ಹೊಸ ಚೆಂಡು ಎಲ್ಲಿಯೂ ಸಿಗುತ್ತಿರಲಿಲ್ಲ. ಇದ್ದ ಒಂದನ್ನೇ ಮೋಚಿಯ ಹತ್ತಿರ ಹೊಲಿಸಿ ಹೊಲಿಸಿ, ಅದು ಗುಂಡಗಿನ ಆಕಾರವನ್ನೇ ಮರೆತಿತ್ತು. ನೆಲಕ್ಕೆ ಬಿದ್ದರೆ ಯಾವ ಕಡೆ ಹೋಗುತ್ತದೆಂದು ಹಾಕಿದವನಿಗೂ ತಿಳಿಯುತ್ತಿರಲಿಲ್ಲ. ನಾನು ಭಾರಿ ಬೌಲರ್ ಎಂದು ಹೆಸರಾದದ್ದರಲ್ಲಿ ಆ ಮೋಚಿಯ ಹೊಲಿಗೆಯ ಪಾಲು ಬಹಳ.

ನನ್ನ ಪಾಲು ಬೆನ್ನಿನದು. ಹೊಳೆಯ ದಂಡೆಯ ಬಯಲಿನಲ್ಲಿ ತೆಂಗಿನ ನಾರಿನ ಚಾಪೆ ಹಾಸಿ ನಾಲ್ಕು ಮೂಲೆಗೆ ಮೊಳೆ ಹೊಡೆದು ಆಡುತ್ತಿದ್ದೆವು. ನಾನು ಓಡಿಬಂದು, ಚೆಂಡು ಬಿಡುವ ಮೊದಲು ಹಿಂದಕ್ಕೆ ಬಾಗುತ್ತಿದ್ದೆ. ಎಷ್ಟು ಬಾಗುತ್ತಿದ್ದೆನೆಂದರೆ ಆಕಾಶ ಕಾಣುತ್ತಿತ್ತು. ಅಲ್ಲಿಂದ ಮೈಯನ್ನು ತಿರುಚಿ ಮುಂದಕ್ಕೆ ಎಸೆದರೆ ಚೆಂಡು ಸಿಡಿಯುತ್ತಿತ್ತು. ಡ್ರಿಲ್ ಮೇಷ್ಟ್ರಿಗೆ ಅದನ್ನು ನೋಡುವುದೇ ಒಂದು ಹಬ್ಬ. "ಇನ್ನೂ ಬಗ್ಗು, ಇನ್ನೂ ಬಗ್ಗು" ಎಂದು ಬೆಳಿಗ್ಗೆ ಸಂಜೆ ನನ್ನ ಕೈಯಲ್ಲಿ ಬಾಲ್ ಹಾಕಿಸುತ್ತಿದ್ದರು. ನನಗೂ ಅದೇ ಬೇಕಿತ್ತು. ಪಾತ್ರೆ ಅಂಗಡಿಯವನ ಮಗನನ್ನು ದಾರಿಯಲ್ಲಿ ಹೋಗುವವರು ನಿಂತು ನೋಡುವುದೆಂದರೆ ಸಾಮಾನ್ಯವೇ?

ನೋವು ಬಂದದ್ದು ಸದ್ದಿಲ್ಲದೆ. ಬಿದ್ದೆ, ಏಟು ತಿಂದೆ ಎಂದು ಹೇಳಿಕೊಳ್ಳಲು ಏನೂ ಇರಲಿಲ್ಲ. ಮೊದಮೊದಲು ಸಂಜೆ ಮನೆಗೆ ಬಂದು ಮಣೆಯ ಮೇಲೆ ಕೂತಾಗ ಸೊಂಟದ ಎಡಕ್ಕೆ ಒಂದು ಕಡೆ ಸಣ್ಣಗೆ ನೋಯುತ್ತಿತ್ತು. ಬೆರಳಿಟ್ಟು ತೋರಿಸಬಹುದಾದಷ್ಟೇ ಜಾಗ. ಬೆಳಿಗ್ಗೆ ಎದ್ದರೆ ಇರುತ್ತಿರಲಿಲ್ಲ. ಆಮೇಲೆ ಬೆಳಿಗ್ಗೆಯೂ ಇರತೊಡಗಿತು. ಕೊನೆಗೆ ಆಕಾಶ ನೋಡಲು ಬಾಗಿದಾಗಲೆಲ್ಲ ಯಾರೋ ಒಳಗಿನಿಂದ ಚಿವುಟಿದಂತಾಗಿ ಹಲ್ಲು ಕಚ್ಚುತ್ತಿದ್ದೆ.

ಮನೆಯಲ್ಲಿ ವೈದ್ಯ ಶುರುವಾಯಿತು. ಹುಚ್ಚೆಳ್ಳೆಣ್ಣೆ ತಿಕ್ಕಿದರು, ಎಕ್ಕದ ಎಲೆ ಕಾಯಿಸಿ ಕಟ್ಟಿದರು, ಉಪ್ಪಿನ ಗಂಟಿನ ಶಾಖ ಕೊಟ್ಟರು. ಯಾವುದಕ್ಕೂ ಬಗ್ಗದಿದ್ದಾಗ ಅಜ್ಜಿಗೆ ಪಕ್ಕದ ಮನೆಯ ಪುಟ್ಟಮ್ಮತ್ತೆಯ ನೆನಪಾಯಿತು. ಪುಟ್ಟಮ್ಮತ್ತೆ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಆಕೆ ಮಹಾ ಸಂಕೋಚದ ಹೆಂಗಸು. ಜೋರಾಗಿ ಮಾತಾಡಿದವಳೇ ಅಲ್ಲ.

"ಅಯ್ಯೋ, ಬೆಳೆದ ಗಂಡುಮಗಾನ ಎಂಗೆ ಒದೀಲಿ ದೊಡ್ಡವ್ವ" ಎಂದು ಸೆರಗು ಬಾಯಿಗಿಟ್ಟುಕೊಂಡಳು.

"ನಿಂಗೆ ಆ ದೇವ್ರು ಕೊಟ್ಟಿರೋದು ಕಣೆ. ಒದ್ದು ಪುಣ್ಯ ಕಟ್ಕೊ" ಎಂದು ಅಜ್ಜಿ ನನ್ನನ್ನು ಹೊಸ್ತಿಲ ಮೇಲೆ ಅಡ್ಡ ಮಲಗಿಸಿದಳು.

ಮೊದಲ ಒದೆ ಬೆಕ್ಕು ಮುಟ್ಟಿದ ಹಾಗಿತ್ತು. "ಅಂಗಲ್ಲ, ಗಟ್ಯಾಗಿ" ಎಂದಳು ಅಜ್ಜಿ. ಎರಡನೆಯ ಒದೆಯಲ್ಲಿ ಪುಟ್ಟಮ್ಮತ್ತೆ ಅಷ್ಟು ವರ್ಷ ಗಂಡನಿಗೂ ಅತ್ತೆಗೂ ಆಡದೆ ನುಂಗಿಕೊಂಡ ಮಾತೆಲ್ಲ ಇತ್ತೆಂದು ಕಾಣುತ್ತದೆ. ನಾನು ಕೂಗಿಕೊಂಡೆ, ಆಕೆಯೂ ಹೆಬ್ಬೆರಳು ಹಿಡಿದುಕೊಂಡು ಕೂತುಬಿಟ್ಟಳು. ಅಜ್ಜಿ ಮೊದಲು ಅರಿಶಿನ ಹಚ್ಚಿದ್ದು ಆಕೆಯ ಬೆರಳಿಗೆ.

ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ನನ್ನ ಬೆನ್ನನ್ನು ಮುಟ್ಟಿ ನೋಡಿ, "ಊತ ಇಲ್ಲ, ಗಾಯ ಇಲ್ಲ, ಏನ್ ನೋವೋ ನಿಂದು? ಓಡು" ಎಂದರು. ಅವರು ಕೆಟ್ಟವರಲ್ಲ. ಕಣ್ಣಿಗೆ ಕಾಣದ ನೋವನ್ನು ನಂಬುವುದು ಕಷ್ಟ. ಒಂದೊಂದು ಸಲ ನನಗೂ ನಂಬಿಕೆ ಬರುತ್ತಿರಲಿಲ್ಲ.

ಅರಕಲಗೂಡಿನ ಹುಡುಗರು ನಮ್ಮ ಬಯಲಿಗೆ ಆಡಲು ಬಂದದ್ದು ಆ ದಿನಗಳಲ್ಲೇ. ಅವರಲ್ಲಿ ನಿಂಗೇಗೌಡ ಎಂಬ ಬೌಲರ್ ಇದ್ದ. ನನ್ನದೇ ವಯಸ್ಸು, ನನಗಿಂತ ಒಂದು ಗೇಣು ಎತ್ತರ, ಮನೆಯ ಹೊಲದಲ್ಲಿ ಉಳುವವನ ಭುಜ. ಅವನು ಹಾಕಿದ ಬಾಲ್ ನಮ್ಮ ಹುಡುಗರ ಕಣ್ಣಿಗೆ ಬೀಳುವ ಮೊದಲೇ ಹಿಂದಿನ ಕೋಲು ಹಾರುತ್ತಿತ್ತು. ಅವನೂ ನನ್ನ ಹಾಗೆಯೇ ಹಿಂದಕ್ಕೆ ಬಾಗುತ್ತಿದ್ದ. ಮಧ್ಯೆ ಬಿಡುವು ಕೊಟ್ಟಾಗ ಅವನ ಕಡೆಯವರೆಲ್ಲ ಮಜ್ಜಿಗೆ ಕುಡಿಯುತ್ತ ಕೂತಿದ್ದರೆ, ಇವನು ಹುಣಸೆಮರಕ್ಕೆ ಬೆನ್ನು ಒತ್ತಿ, ಎಡಗೈಯನ್ನು ಸೊಂಟದ ಹಿಂದೆ ಇಟ್ಟುಕೊಂಡು ನಿಂತಿದ್ದ. ನಾನು ಅದೇ ಮರದ ಇನ್ನೊಂದು ಕಡೆಗೆ ಹೋಗಿ ಒರಗಿದೆ. ಇಬ್ಬರೂ ಮಾತಾಡಲಿಲ್ಲ. ಎದುರಾಳಿಗೆ ನೋವು ತೋರಿಸಬಾರದೆಂಬ ಜಂಬ ಇಬ್ಬರಿಗೂ ಇತ್ತು.

ಆ ಪಂದ್ಯದಲ್ಲೇ ನನ್ನ ಆಟ ಮುಗಿಯಿತು. ಓಡಿಬಂದು ಬಾಗಿದವನು ಮತ್ತೆ ನೆಟ್ಟಗಾಗಲಿಲ್ಲ. ಚೆಂಡು ಕೈಯಲ್ಲೇ ಇತ್ತು, ನಾನು ಚಾಪೆಯ ಮೇಲೆ ಮೊಣಕಾಲೂರಿದ್ದೆ. ಹುಡುಗರು ಎತ್ತಿಕೊಂಡು ಮನೆಗೆ ತಂದಾಗ ಅಪ್ಪಾಜಿ ಅಂಗಡಿಯಲ್ಲಿ ಯಾರಿಗೋ ಹಂಡೆ ತೋರಿಸುತ್ತಿದ್ದರು. ಹಂಡೆಯನ್ನು ಅಲ್ಲೇ ಬಿಟ್ಟು ಬಂದು, ನನ್ನ ಮುಖ ನೋಡಿ, ಅಜ್ಜಿಯ ಕಡೆ ತಿರುಗಿ, "ಇನ್ನು ನಿನ್ ವೈದ್ಯ ಸಾಕು ಕಣವ್ವ" ಎಂದರು. ಮರುದಿನ ಬೆಳಗಿನ ರೈಲಿಗೆ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೊರಟರು.

ಮೈಸೂರಿನ ಡಾಕ್ಟರು ಸೈನ್ಯದಲ್ಲಿ ಕೆಲಸ ಮಾಡಿ ಬಂದವರು. ಮಾತು ಕಡಿಮೆ. ನನ್ನನ್ನು ಒಂದೇ ಕಾಲ ಮೇಲೆ ನಿಲ್ಲಿಸಿ ಹಿಂದಕ್ಕೆ ಬಾಗು ಅಂದರು. ಎಡಗಾಲ ಮೇಲೆ ನಿಂತು ಬಾಗಿದಾಗ ಜೀವ ಬಾಯಿಗೆ ಬಂತು. ನೇರವಾಗಿ ಮಲಗಿಸಿ ಒಂದು, ಓರೆಯಾಗಿ ಮಲಗಿಸಿ ಇನ್ನೊಂದು ಎಕ್ಸ್‌ರೇ ತೆಗೆಸಿದರು. ಆಮೇಲೆ ಆ ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು ಅಪ್ಪಾಜಿಯನ್ನು ಹತ್ತಿರ ಕರೆದರು.

"ಸೊಂಟದ ಹತ್ತಿರದ ಈ ಮಣಿ ನೋಡಿ. ಇಲ್ಲಿ ಹಿಂದುಗಡೆ ಒಂದು ಗೆರೆ ಕಾಣ್ತಾ?"

"ಕೂದಲೆಳೆ ಇದ್ದಂಗೈತೆ, ಸಾ."

"ಅದೇ. ಮೂಳೆ ಬಿರುಕು ಬಿಟ್ಟಿದೆ."

"ಇವ್ನು ಎಲ್ಲೂ ಬಿದ್ದಿಲ್ವಲ್ಲ ಸಾ."

"ಬೀಳಬೇಕಾಗಿಲ್ಲ. ತಂತೀನ ಒಂದೇ ಜಾಗದಲ್ಲಿ ದಿನಾ ಬಗ್ಗಿಸ್ತಾ ಇದ್ರೆ ಏನಾಗುತ್ತೆ? ಹಾಗೆ. ಕವಾಯತು ಮಾಡಿ ಮಾಡಿ ಸಿಪಾಯಿಗಳ ಪಾದದ ಮೂಳೆ ಹೀಗೆ ಬಿರುಕು ಬಿಟ್ಟಿದ್ದನ್ನ ನಾನು ನೋಡಿದೀನಿ. ಬೆನ್ನಲ್ಲಿ ಕಂಡ್ರೆ ಹುಟ್ಟಿನಿಂದ ಬಂದದ್ದು ಅಂತ ಕೆಲವರು ಹೇಳ್ತಾರೆ. ನನಗೇನೋ ಇದು ಇವನ ಆಟದಿಂದ ಬಂದದ್ದು ಅನ್ನಿಸುತ್ತೆ. ಎಳೇ ಮೂಳೆ, ವಿಶ್ರಾಂತಿ ಇಲ್ಲ."

ಅಪ್ಪಾಜಿ ಆ ಗೆರೆಯನ್ನು ಬಹಳ ಹೊತ್ತು ನೋಡಿದರು. "ಪಾತ್ರೆ ಸೀಳು ಬಿಟ್ರೆ ಬೆಸುಗೆ ಹಾಕ್ಸ್ತೀವಿ. ಇದಕ್ಕೆ?"

"ಇದು ತಾನೇ ಬೆಸುಗೆ ಹಾಕ್ಕೋಬೇಕು. ಅಲುಗಾಡದೆ ಇದ್ರೆ ಕೂಡಬಹುದು. ಕೂಡದೇನೂ ಇರಬಹುದು. ಮಾತು ಕೊಡೋಕೆ ಆಗೋದಿಲ್ಲ."

ನನ್ನನ್ನು ನಿಲ್ಲಿಸಿ ಎದೆಯಿಂದ ಸೊಂಟದ ಕೆಳಗಿನವರೆಗೆ ಒದ್ದೆ ಬಟ್ಟೆಯ ಪಟ್ಟಿ ಸುತ್ತಿ ಸುತ್ತಿ ಪ್ಲಾಸ್ಟರ್ ಹಾಕಿದರು. ಒಣಗಿದ ಮೇಲೆ ನಾನೊಂದು ಮುಚ್ಚಳವಿಲ್ಲದ ಕೊಳಗದೊಳಗೆ ಇಳಿದು ನಿಂತವನ ಹಾಗಿದ್ದೆ. ಊರಿಗೆ ವಾಪಸು ಬರುವಾಗ ರೈಲಿನಲ್ಲಿ ಎದುರು ಕೂತ ಹೆಂಗಸು, "ಎಷ್ಟು ನೆಟ್ಟಗೆ ಕೂತ್ಕೊಂಡೈತೆ ಮಗ, ಒಳ್ಳೆ ಮನೆಯವ್ರು" ಎಂದು ಮೆಚ್ಚಿಕೊಂಡಳು. ಅಪ್ಪಾಜಿ ಕಿಟಕಿಯ ಕಡೆ ತಿರುಗಿಕೊಂಡರು.

ಮನೆಯಲ್ಲಿ ಅಜ್ಜಿಗೆ ದೊಡ್ಡ ಚಿಂತೆ ಎದುರಾಯಿತು. ನಾವು ಲಿಂಗ ಕಟ್ಟುವವರು. ಲಿಂಗವಿಟ್ಟ ಕರಡಿಗೆ ಎದೆಯ ಮೇಲೆ ಇರಬೇಕು, ಮೈಗೆ ತಾಕಬೇಕು. ಎದೆಗೆ ನೋಡಿದರೆ ಸುಣ್ಣದ ಗೋಡೆ. "ಶಿವನ್ಗೂ ಮಗೀಗೂ ಮಧ್ಯ ಗ್ವಾಡೆ ಕಟ್ಬುಟ್ನಲ್ಲ ಆ ಡಾಕ್ಟ್ರು" ಎಂದು ಅತ್ತಳು. ಆಮೇಲೆ ತಾನೇ ಯೋಚಿಸಿ ಶಿವದಾರವನ್ನು ಗಿಡ್ಡ ಮಾಡಿ ಕರಡಿಗೆ ನನ್ನ ಗಂಟಲ ಗುಳಿಗೆ ಬರುವಂತೆ ಕಟ್ಟಿದಳು. ನಾನು ಉಗುಳು ನುಂಗಿದಾಗಲೆಲ್ಲ ಅದು ಏರಿ ಇಳಿಯುತ್ತಿತ್ತು. ಮನೆಗೆ ಬಂದ ಮಠದ ಅಯ್ಯನವರ ಪಾದಕ್ಕೆ ಎಲ್ಲರೂ ಅಡ್ಡಬಿದ್ದರೆ, ಬಗ್ಗಲಾರದ ನಾನು ನಿಂತೇ ಇದ್ದೆ. ಅವರೇ ನಕ್ಕು, "ನಿಂದು ನಿಂತ ಭಕ್ತಿ ಕಣಪ್ಪ" ಎಂದು ತಲೆಯ ಮೇಲೆ ಕೈಯಿಟ್ಟರು.

ತಿಗಣೆಗಳ ವಿಷಯ ಹೇಳದಿದ್ದರೆ ಪ್ಲಾಸ್ಟರಿನ ವಿಷಯ ಹೇಳಿದಂತಾಗುವುದಿಲ್ಲ. ಬೇಸಿಗೆ ಬಂತು, ಅವು ಒಳಗೆ ಹೊಕ್ಕವು. ನಾನು ತೆಂಗಿನ ಗರಿಯ ಕಡ್ಡಿಯನ್ನು ಕತ್ತಿನ ಹತ್ತಿರದಿಂದ ಇಳಿಬಿಟ್ಟು ಕೆರೆದುಕೊಳ್ಳುತ್ತಿದ್ದೆ. ಒಂದು ಕಡ್ಡಿ ಮುರಿದು ಒಳಗೇ ಉಳಿಯಿತು. ಅದು ಹೊರಗೆ ಬಂದದ್ದು ಪ್ಲಾಸ್ಟರ್ ಒಡೆದ ದಿನವೇ. ತರಗತಿಯಲ್ಲಿ ಮಾತ್ರ ನನಗೆ ಮರ್ಯಾದೆ ಹೆಚ್ಚಾಯಿತು. ನಿದ್ದೆ ಬಂದರೂ ಮುಂದಕ್ಕೆ ತೂಗಲಾರದ ನನ್ನನ್ನು ತೋರಿಸಿ ಭೂಗೋಳದ ಮೇಷ್ಟ್ರು, ಪಾಠ ಕೇಳುವುದೆಂದರೆ ಹೀಗೆ ಎಂದು ಉಳಿದವರಿಗೆ ಹೇಳುತ್ತಿದ್ದರು. ಆ ವರ್ಷದ ಭೂಗೋಳ ನನಗೆ ಇವತ್ತಿಗೂ ಗೊತ್ತಿಲ್ಲ.

ಇದರ ನಡುವೆ ಹಾಸನದಲ್ಲಿ ನಾಲ್ಕು ಊರಿನ ಶಾಲೆಗಳ ಪಂದ್ಯವೆಂದು ಗೊತ್ತಾಯಿತು. ಹಾಸನ, ಚನ್ನರಾಯಪಟ್ಟಣ, ಅರಕಲಗೂಡು, ನಾವು. ಮೊದಲ ದಿನದ ಆಟ ಹಾಸನಕ್ಕೂ ಚನ್ನರಾಯಪಟ್ಟಣಕ್ಕೂ, ಮರುದಿನ ಅರಕಲಗೂಡಿಗೂ ನಮಗೂ. ಮೈಸೂರಿನ ಕಾಲೇಜಿನವರೊಬ್ಬರು ನೋಡಲು ಬರುತ್ತಾರೆ, ಚೆನ್ನಾಗಿ ಆಡಿದ ಹುಡುಗನನ್ನು ತಮ್ಮಲ್ಲಿ ಓದಲು ಕರೆದುಕೊಳ್ಳುತ್ತಾರೆ ಎಂದು ಸುದ್ದಿ. ಆ ಹುಡುಗ ಯಾರೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಿಂಗೇಗೌಡ ಬೆಳಗಿನಿಂದ ಸಂಜೆಯವರೆಗೆ ಬಾಲ್ ಹಾಕುತ್ತಿದ್ದಾನಂತೆ ಎಂದು ನಮ್ಮ ಹುಡುಗರು ಹೆದರಿಕೊಂಡು ಮಾತಾಡುತ್ತಿದ್ದರು.

ನನಗೆ ಹುಣಸೆಮರ ಕಣ್ಣ ಮುಂದೆ ಬಂತು. ಅವನ ಕೈ ಇದ್ದ ಜಾಗ ನನಗೆ ಗೊತ್ತಿತ್ತು. ನನ್ನದೂ ಅಲ್ಲೇ. ಬಿರುಕಿನ ಮೇಲೆ ಆಡುತ್ತಲೇ ಇದ್ದರೆ ಅದು ಕೂಡುವ ಆಸೆಯೂ ಹೋಗುತ್ತದೆಂದು ಡಾಕ್ಟರು ಹೇಳಿದ್ದರು. ಹೋಗಿ ಹೇಳಬೇಕೆನ್ನಿಸಿತು. ಅಪ್ಪಾಜಿಯನ್ನು ಕೇಳಿದೆ. ಅವರು ತಕ್ಕಡಿಯ ಮುಂದಿನಿಂದ ತಲೆಯೆತ್ತಿ, "ಅವ್ರು ನಂಬಾಕಿಲ್ಲ ಕಣ್ಲಾ. ಆದ್ರೂ ಓಗ್ಬುಟ್ಟು ಬಾ" ಎಂದರು.

ಇದ್ದಿಲು ಬಸ್ಸು ಹಳ್ಳಿಮೈಸೂರು ಬಳಸಿಕೊಂಡು ಹೋಗುತ್ತಿತ್ತು. ಬಸ್ಸಿನ ಬೆನ್ನಿಗೂ ನನ್ನ ಹಾಗೇ ಒಂದು ಡ್ರಮ್ಮು ಕಟ್ಟಿತ್ತು. ಏರು ಬಂದಾಗ ಎಲ್ಲರೂ ಇಳಿದು ನೂಕಬೇಕು. ನನ್ನನ್ನು ಮಾತ್ರ ಯಾರೂ ಇಳಿಸಲಿಲ್ಲ. ಎಲ್ಲರೂ ನೂಕುತ್ತಿದ್ದ ಬಸ್ಸಿನಲ್ಲಿ ನಾನೊಬ್ಬನೇ ದೊರೆಯಂತೆ ನೆಟ್ಟಗೆ ಕೂತು ಅರಕಲಗೂಡು ತಲುಪಿದೆ.

ನಿಂಗನ ಮನೆ ಕೋಟೆಯಾಚೆ, ಹೊಲಗಳ ಅಂಚಿಗೆ. ಅಪ್ಪ ತೀರಿಹೋಗಿದ್ದ, ಅವ್ವ ಕಾಳಮ್ಮ ಮತ್ತು ಸೋದರಮಾವ ಬೇಸಾಯ ನೋಡಿಕೊಳ್ಳುತ್ತಿದ್ದರು. ನಾನು ಹೋದಾಗ ಅವನು ಅಂಗಳದಲ್ಲಿ ಎತ್ತಿಗೆ ಹುಲ್ಲು ಹಾಕುತ್ತಿದ್ದ. ನನ್ನನ್ನು ನೋಡಿ ಗುರುತು ಹಿಡಿದು, ಅಂಗಿಯೊಳಗಿನ ದಪ್ಪವನ್ನು ನೋಡಿದ.

"ಏನ್ಲಾ ಇದು, ಡಬ್ಬ ಆಕ್ಕೊಂಡು ಬಂದಿದೀಯ?"

"ಸೊಂಟದ ಮೂಳೆ ಬಿರುಕು ಬಿಟ್ಟದೆ. ಬಾಲ್ ಹಾಕಿ ಹಾಕಿ ಆಗಿದ್ದಂತೆ. ನಿಂಗೂ ಅಲ್ಲೇ ನೋಯ್ತದಲ್ವಾ? ಹೇಳಿ ಹೋಗಾನ ಅಂತ ಬಂದೆ."

ಅವನ ಮುಖ ಬಿಗಿಯಿತು. "ನಂಗೇನೂ ನೋಯಾಕಿಲ್ಲ. ಯಾರು ಏಳಿದ್ದು?"

"ಯಾರೂ ಹೇಳಿಲ್ಲ. ಅವತ್ತು ಮರಕ್ಕೆ ಒರಗಿದ್ದಲ್ಲ."

"ನಾನು ಆಡ್ದೆ ಇದ್ರೆ ಗೆಲ್ಲೋರು ಯಾರು? ನೀವೇ ಅಲ್ವಾ? ನಿಮ್ ಮೇಷ್ಟ್ರು ಕಳ್ಸಿದ್ರು ಅನ್ನು."

ಬಸ್ಸಿನ ಕುಲುಕಾಟಕ್ಕೆ ಸೊಂಟ ಉರಿಯುತ್ತಿತ್ತು, ಬಾಯಿ ಒಣಗಿತ್ತು. ಅಷ್ಟು ದೂರ ಬಂದದ್ದೇ ತಪ್ಪಾಯಿತೆನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ಕಾಳಮ್ಮ ಬಂದಳು.

"ಯಾರ್ಲಾ ಮಗ ಅದು? ಬಿಸ್ಲಾಗೆ ನಿಲ್ಸ್ಕೊಂಡು ಮಾತಾಡ್ತೀಯಲ್ಲ."

"ಹೊಳೆನರಸೀಪುರದೋನು ಕಣವ್ವ. ನನ್ ಸೊಂಟ ಮುರ್ದೈತೆ ಅಂತ ಏಳಾಕೆ ಬಂದವ್ನೆ."

ಕಾಳಮ್ಮ ನನ್ನ ಹತ್ತಿರ ಬಂದು ಬೆರಳಿನ ಗೆಣ್ಣಿನಿಂದ ನನ್ನ ಹೊಟ್ಟೆಯ ಮೇಲೆ ತಟ್ಟಿದಳು. ಬಾಗಿಲು ಬಡಿದಂತೆ ಸದ್ದಾಯಿತು. "ಸಿವನೇ" ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು. "ಇದ್ರಾಗೆ ಎಂಗೆ ಮನೀಕತೀಯ ಮಗ?"

ಅದುವರೆಗೆ ಪ್ಲಾಸ್ಟರಿನ ಬಗ್ಗೆ ನೂರಾರು ಜನ ನೂರಾರು ಪ್ರಶ್ನೆ ಕೇಳಿದ್ದರು. ಹೇಗೆ ಮಲಗುತ್ತೀ ಎಂದು ಕೇಳಿದವಳು ಇವಳೊಬ್ಬಳೇ. ಕರಡಿಗೆ ಏರಿ ಇಳಿಯಿತು.

"ಅವ್ವ, ನೀವೇ ನೋಡ್ಬೌದು" ಎಂದೆ. "ಇವ್ನು ಎಡಗಾಲಲ್ಲಿ ನಿಂತ್ಕೊಂಡು ಹಿಂದಕ್ಕೆ ಬಾಗ್ಲಿ. ನೋಯ್ಲಿಲ್ಲ ಅಂದ್ರೆ ನಾನು ಸುಮ್ನೆ ಹೊಂಟೋಯ್ತೀನಿ."

"ಇಷ್ಟೇ ತಾನೆ" ಎಂದು ನಿಂಗ ಕೈಯಲ್ಲಿದ್ದ ಹುಲ್ಲು ಬಿಸಾಕಿ, ಒಂದು ಕಾಲೆತ್ತಿ, ನನ್ನ ಕಡೆ ನೋಡಿ ನಗುತ್ತಲೇ ಬಾಗಿದ. ಅರ್ಧಕ್ಕೆ ನಗು ನಿಂತಿತು. ಬಾಯಿಂದ ಒಂದು ಸದ್ದೂ ಬರಲಿಲ್ಲ. ಆದರೆ ಅವನ ಕೈ ತಾನಾಗಿ ಹೋಗಿ ಎತ್ತಿನ ಕೊಂಬನ್ನು ಹಿಡಿಯಿತು.

"ನೆಟ್ಟಗೆ ನಿಂತ್ಕೊ" ಎಂದಳು ಕಾಳಮ್ಮ. ಅವನು ನಿಂತ. "ಯಾವತ್ನಿಂದ?"

"ಏನಿಲ್ಲ ಕಣವ್ವ."

"ಯಾವತ್ನಿಂದ್ಲಾ?"

"ಸುಗ್ಗಿಯಿಂದ" ಎಂದ ನೆಲ ನೋಡುತ್ತ. "ಹಾಸನದ್ದೊಂದು ಮುಗೀಲಿ ಕಣವ್ವ. ಮೈಸೂರಿಗೆ ಕರ್ಕೊಂಡೋಯ್ತಾರೆ. ಓದ್ಕೋತೀನಿ. ಆಮ್ಯಾಕೆ ಎಷ್ಟ್ ಬೇಕಾದ್ರೂ ಮನೀಕತೀನಿ."

ಕಾಳಮ್ಮ ಒಳಗೆ ಹೋಗಿ ಒಂದು ಚಾಪೆ ತಂದು ಜಗಲಿಯ ಮೇಲೆ ಬಿಚ್ಚಿದಳು. ಮಗ ಮೈಸೂರಿಗೆ ಹೋಗಲೆಂಬ ಆಸೆ ಅವನಿಗಿಂತ ಅವಳಿಗೇ ಹೆಚ್ಚಿತ್ತೆಂದು ಆಮೇಲೆ ತಿಳಿಯಿತು.

"ಮನೀಕೊ" ಎಂದಳು.

"ಅವ್ವ..."

"ಮನೀಕೊಳ್ಲಾ."

ಅವನು ಮಲಗಿ ಗೋಡೆಯ ಕಡೆ ತಿರುಗಿದ. ನನ್ನ ಮುಖ ನೋಡಲಿಲ್ಲ. ಸೋದರಮಾವ ಹೊಲದಿಂದ ಬಂದು ವಿಷಯ ಕೇಳಿ, ಉಳುವ ಕೆಲಸ ತಪ್ಪಿಸಿಕೊಳ್ಳಲು ಇದೊಂದು ಹೊಸ ಉಪಾಯವೆಂದು ಗೊಣಗಿದ. ಕಾಳಮ್ಮ ನನಗೆ ಮಜ್ಜಿಗೆ ಕೊಟ್ಟು ಬಸ್ಸಿನವರೆಗೆ ಬಂದಳು. ದಾರಿಯಲ್ಲಿ ಒಂದೇ ಮಾತು ಕೇಳಿದಳು: "ನೀನು ಏಳಿದ್ದು ದಿಟ ತಾನೆ ಮಗ?" ದಿಟ ಎಂದೆ. ಡಾಕ್ಟರು ನೋಡಿದ್ದು ನನ್ನನ್ನು, ನಿಂಗನನ್ನಲ್ಲ. ಆ ಮಾತಿನ ಭಾರ ಬಸ್ಸು ಹತ್ತಿದ ಮೇಲೆ ಗೊತ್ತಾಯಿತು.

ಹಾಸನದ ಪಂದ್ಯಕ್ಕೆ ನಾನೂ ಹೋದೆ. ನಿಂಗ ಬರಲಿಲ್ಲ. ಅರಕಲಗೂಡು ಮಧ್ಯಾಹ್ನದೊಳಗೆ ಸೋತಿತು. ನಮ್ಮ ಹುಡುಗರು ಓಡಿಬಂದು ನನ್ನ ಪ್ಲಾಸ್ಟರಿನ ಮೇಲೆ ತಮಟೆಯಂತೆ ಬಡಿದು, "ಎಂಥಾ ತಲೆ ಓಡಿಸ್ದೆ ಕಣ್ಲಾ" ಎಂದು ಕುಣಿದರು. ಅಲ್ಲ ಕಣ್ರೋ ಎಂದರೆ ಇನ್ನೂ ಜೋರಾಗಿ ನಕ್ಕರು. ಡ್ರಿಲ್ ಮೇಷ್ಟ್ರು ಸಹ ಕಣ್ಣು ಮಿಟುಕಿಸಿದರು. ಅರಕಲಗೂಡಿನ ಒಬ್ಬ ಹುಡುಗ ನನ್ನ ಎದುರಿಗೆ ಬಂದು ಉಗಿದು ಹೋದ. ಮೈಸೂರಿನವರು ಹಿಂದಿನ ದಿನ ಚೆನ್ನಾಗಿ ಆಡಿದ್ದ ಚನ್ನರಾಯಪಟ್ಟಣದ ಹುಡುಗನೊಬ್ಬನನ್ನು ಆರಿಸಿಕೊಂಡು ಸಂಜೆಯ ರೈಲಿಗೆ ಹೊರಟುಹೋದರು. ಮೈದಾನದಲ್ಲಿ ಚಾಪೆ ಸುತ್ತುವವರೆಗೂ ನಾನು ಅಲ್ಲೇ ನಿಂತಿದ್ದೆ. ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ, ಅದೂ ಒಂದು ಕಾರಣ.

ಮಳೆಗಾಲದಲ್ಲಿ ಮೈಸೂರಿಗೆ ಹೋಗಿ ಪ್ಲಾಸ್ಟರ್ ಒಡೆಸಿದೆವು. ಒಳಗಿನಿಂದ ಹೊರಬಂದ ನನ್ನ ಮೈ ಸಿಪ್ಪೆ ಸುಲಿದ ಗೆಣಸಿನ ಹಾಗಿತ್ತು. ಮತ್ತೆ ಎಕ್ಸ್‌ರೇ, ಮತ್ತೆ ಕಿಟಕಿ. ಡಾಕ್ಟರು ನೋಡಿ ಹಾಳೆಯನ್ನು ಕೆಳಗಿಟ್ಟರು. "ಕೂಡಿಲ್ಲ" ಎಂದರು. "ಅಲುಗಾಡದೆ ಇದ್ದೆ, ಸಾರ್" ಎಂದೆ. "ಗೊತ್ತಪ್ಪ. ನಿಂದೇನೂ ತಪ್ಪಿಲ್ಲ. ಕೆಲವರಿಗೆ ಕೂಡುತ್ತೆ, ಕೆಲವರಿಗೆ ಇಲ್ಲ. ಓದು, ಓಡಾಡು, ಬದುಕೋದಕ್ಕೆ ಏನೂ ತೊಂದರೆ ಇಲ್ಲ. ಬಾಲ್ ಹಾಕೋದು ಮಾತ್ರ ಇನ್ನು ಬೇಡ." ರೈಲಿನಲ್ಲಿ ಅಪ್ಪಾಜಿ ನನಗೆ ಚಕ್ಕುಲಿ ಕೊಡಿಸಿದರು. ಚಿಕ್ಕ ಹುಡುಗನಿಗೆ ಕೊಡಿಸುವ ಹಾಗೆ. ನಾನೂ ಚಿಕ್ಕ ಹುಡುಗನ ಹಾಗೆ ತಿಂದೆ.

ನಿಂಗನದು ಕೂಡಿತು. ಎಕ್ಸ್‌ರೇ ಇಲ್ಲ, ಪ್ಲಾಸ್ಟರ್ ಇಲ್ಲ, ಡಾಕ್ಟರಿಲ್ಲ. ಒಂದು ಚಾಪೆ, ಒಬ್ಬಳು ತಾಯಿ. ಕೂಡಿತೆಂದು ನಾನು ಹೇಳುತ್ತೇನೆ. ನಿಜವಾಗಿ ಬಿರುಕು ಇತ್ತೋ ಇಲ್ಲವೋ, ಇದ್ದರೆ ಕೂಡಿತೋ ಇಲ್ಲವೋ, ಯಾರು ನೋಡಿದವರು? ನೋವು ಹೋಯಿತು, ಅಷ್ಟು ನಿಜ. ಕಾಳಮ್ಮ ಅವನಿಗೆ ನೇಗಿಲು ಮುಟ್ಟಗೊಡಲಿಲ್ಲ, ಚೆಂಡು ಮುಟ್ಟಗೊಡಲಿಲ್ಲ. ಸೋದರಮಾವ ಗೊಣಗುತ್ತಲೇ ಆ ವರ್ಷದ ಉಳುಮೆಯೆಲ್ಲ ಮಾಡಿದ. ಮರುವರ್ಷ ಹಾಸನದ ಮೈದಾನದಲ್ಲಿ ನಿಂಗ ಮತ್ತೆ ಬಾಲ್ ಹಾಕಿದ. ಆಡಲಾರದ ನನ್ನನ್ನು ಅಂಪೈರು ಮಾಡಿದ್ದರು. ಅವನು ನನ್ನ ಪಕ್ಕದಿಂದಲೇ ಓಡಿಬಂದು, ಬಿಲ್ಲಿನಂತೆ ಬಾಗಿ, ಚೆಂಡು ಬಿಟ್ಟ. ನಮ್ಮ ಹುಡುಗನ ಕೋಲು ಹಾರಿತು. ನಾನು ಬೆರಳೆತ್ತುವುದನ್ನೂ ಮರೆತು ಅವನ ಬೆನ್ನನ್ನೇ ನೋಡುತ್ತ ನಿಂತೆ. ಸಂತೋಷವಾಯಿತೆ ಎಂದು ನೀವು ಕೇಳಬಹುದು. ಆಯಿತು. ಅದರ ಜೊತೆಗೇ ಇನ್ನೊಂದೂ ಆಯಿತು. ಅದಕ್ಕೆ ಏನು ಹೆಸರಿಡಬೇಕೋ ಇಷ್ಟು ವರ್ಷವಾದರೂ ತಿಳಿದಿಲ್ಲ. ತಿಳಿಯುವ ಉತ್ಸಾಹವೂ ಈಗಿಲ್ಲ.

ಆ ವರ್ಷ ಮೈಸೂರಿನವರು ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ನಿಂಗ ಹೊಲದಲ್ಲೇ ಉಳಿದ. ತಲೆ ನರೆಯುವವರೆಗೂ ಭಾನುವಾರಗಳಂದು ಬಾಲ್ ಹಾಕುತ್ತಿದ್ದ. ನಾನು ಪಾತ್ರೆ ಅಂಗಡಿಯಲ್ಲಿ ಎತ್ತರದ ಸ್ಟೂಲು ಮಾಡಿಸಿಕೊಂಡು, ಬಗ್ಗುವ ಕೆಲಸವನ್ನೆಲ್ಲ ಬೇರೆಯವರಿಗೆ ಬಿಟ್ಟು, ಆಯುಷ್ಯ ಕಳೆದೆ.

ಹೇಳಬೇಕೆಂದಿದ್ದುದು ನಾನು ಅಂಪೈರಾಗಿದ್ದ ಆ ಪಂದ್ಯದ ಮರುದಿನದ ವಿಷಯ. ಪಂದ್ಯದ ದಿನ ಆಟ ಮುಗಿದ ಮೇಲೆ ನಿಂಗ ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ.

"ನಿಂದು ಎಂಗೈತ್ಲಾ?"

"ಹಂಗೇ ಇದೆ."

ಅವನು ಬೂದಿಬಣ್ಣದ ಆ ಹಳೆಯ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದ. "ನಮ್ಮವ್ವ ಕರ್ಕೊಂಬಾ ಅಂದವ್ಳೆ. ನಾಳೆ ನಮ್ ಮನೇಲೇ ಉಂಡು ಓಗೀವಂತೆ."

ಅರಕಲಗೂಡಿಗೆ ಹೋದೆ. ಕಾಳಮ್ಮ ರಾಗಿಮುದ್ದೆ, ಅವರೆಕಾಳಿನ ಸಾರು, ಗಟ್ಟಿ ಮೊಸರು ಬಡಿಸಿದಳು. ನೆಲದ ಮೇಲೆ ಕೂರಲಾರನೆಂದು ನೆನಪಿಟ್ಟು, ಜಗಲಿಯ ಅಂಚಿಗೆ ಕೂರಿಸಿ, ಕಾಲ ಕೆಳಗೆ ಮರದ ತುಂಡು ಇಟ್ಟಿದ್ದಳು. ಮೈಸೂರಿನ ಮಾತು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಉಂಡು ಕೈತೊಳೆದು ನಿಂತಾಗ ಅವಳು ನನ್ನ ಮುಖ ನೋಡಿ, "ದಣ್ದಿದೀಯ ಮಗ. ಒಂದ್ ಗಳಿಗೆ ಮನೀಕೊ" ಎಂದಳು.

"ಬಸ್ಸು ತಪ್ಪೋಯ್ತದೆ ಅವ್ವ."

"ತಪ್ಲಿ ಬುಡು."

ಒಂದು ವರ್ಷದಿಂದ ಎಲ್ಲರೂ ನನಗೆ ಹೇಳುತ್ತಿದ್ದುದು ನೆಟ್ಟಗಿರು, ಅಲುಗಾಡಬೇಡ, ಧೈರ್ಯವಾಗಿರು ಎಂದೇ. ದಣಿದಿದ್ದೀಯ ಎಂದು ಯಾರೂ ಹೇಳಿರಲಿಲ್ಲ. ನಾನು ಮಲಗಿದೆ. ನಿಂಗ ತಾನು ಹೊದೆಯುವ ಕಂಬಳಿ ಮಡಿಸಿ ನನ್ನ ಮೊಣಕಾಲ ಕೆಳಗೆ ಸೇರಿಸಿದ. ಹಾಗೆ ಇಟ್ಟರೆ ಸೊಂಟಕ್ಕೆ ಹಿತವೆಂದು ಅವನಿಗೆ ಗೊತ್ತಿತ್ತು. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಏಳಬೇಕೆಂದುಕೊಂಡೆ. ಏಳಲಿಲ್ಲ. ಕಣ್ಣು ಬಿಟ್ಟಾಗ ಅಂಗಳಕ್ಕೆಲ್ಲ ನೆರಳು ಬಂದಿತ್ತು, ಬಸ್ಸು ಯಾವಾಗಲೋ ಹೋಗಿತ್ತು. ಕಾಳಮ್ಮ ಬಾಗಿಲಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದಳು. ಸದ್ದಾಗಬಾರದೆಂದು ಮೊರದಲ್ಲಿ ಕೇರದೆ, ಕಲ್ಲುಗಳನ್ನು ಒಂದೊಂದಾಗಿ ಬೆರಳಿನಿಂದ ಆರಿಸಿ ಪಕ್ಕಕ್ಕೆ ಇಡುತ್ತಿದ್ದಳು.